ಬಲೆಯ ಈಚೆ, ಬಲೆಯ ಆಚೆ

ಮಂಗಳೂರಿನ ಸುತ್ತಮುತ್ತ ಹುಟ್ಟಿ ಬೆಳೆದವರಿಗೆ ‘ಜೋಡಿ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಳದ ದಿನಗಳು ಬಂದುವೆಂದರೆ ಕೆಸರು ತುಂಬಿದ ಕರೆಯ ಇಕ್ಕೆಲಗಳಲ್ಲಿಯೂ ಜನ ಕಿಕ್ಕಿರಿದು ನಿಲ್ಲುತ್ತಾರೆ. ಒಂದೇ ನೊಗಕ್ಕೆ ಹೂಡಿದ ಎರಡು ಕೋಣಗಳು ನೀರನ್ನು ಆಳೆತ್ತರಕ್ಕೆ ಚಿಮ್ಮಿಸುತ್ತ ಓಡಿ ಬರುತ್ತವೆ. ನೋಡುವವರ ಕಣ್ಣು ಓಟದ ವೇಗದ ಮೇಲಿದ್ದರೆ, ಕೋಣಗಳನ್ನು ಸಾಕಿದ ಯಜಮಾನನ ಕಣ್ಣು ನೊಗದ ಮೇಲಿರುತ್ತದೆ. ಒಂದು ಕೋಣ ಎಷ್ಟೇ ಬಲಶಾಲಿಯಾಗಿರಲಿ, ಜೊತೆಯದನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಹೋದರೆ ನೊಗ ಓರೆಯಾಗುತ್ತದೆ, ಓಟ ಕೆಡುತ್ತದೆ. ಒಳ್ಳೆಯ ಕೋಣವೊಂದು ಎಲ್ಲಿಯಾದರೂ ಸಿಕ್ಕೀತು. ಅದಕ್ಕೆ ಒಪ್ಪುವ ಜೊತೆಯನ್ನು ಹುಡುಕುವುದೇ ಕಷ್ಟ.

ಟೆನಿಸ್ ಆಟದಲ್ಲಿಯೂ ಇಂಥದೊಂದು ಜೋಡಿಯ ಸ್ಪರ್ಧೆ ಇದೆ. ಬಲೆಯ ಈಚೆಗೆ ಇಬ್ಬರು, ಆಚೆಗೆ ಇಬ್ಬರು ನಿಂತು ಆಡುವ ಈ ಆಟಕ್ಕೆ ಡಬಲ್ಸ್ ಎಂದು ಹೆಸರು. ಕೋಣಗಳಿಗೆ ಹೋಲಿಸಿದರೆಂದು ಆಟಗಾರ್ತಿಯರು ಮುನಿಯಬೇಕಾಗಿಲ್ಲ. ಕರಾವಳಿಯಲ್ಲಿ ಕಂಬಳದ ಕೋಣಕ್ಕೆ ಸಲ್ಲುವ ಮರ್ಯಾದೆ ಸಾಮಾನ್ಯವಾದುದಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೋಣಗಳ ಹೆಗಲ ಮೇಲೆ ನೊಗ ಕಾಣುತ್ತದೆ. ಟೆನಿಸ್ ಜೋಡಿಯ ಹೆಗಲ ಮೇಲಿನ ನೊಗ ಕಣ್ಣಿಗೆ ಕಾಣುವುದಿಲ್ಲ. ಆ ನೊಗವನ್ನು ಅವರಿಬ್ಬರೇ ಕಟ್ಟಿಕೊಳ್ಳಬೇಕು. ಬೇಡವಾದಾಗ ಅವರೇ ಬಿಚ್ಚಿಕೊಳ್ಳಲೂಬಹುದು. ಇಂದು ಜೊತೆಯಾಗಿ ಆಡಿದವರು ನಾಳೆ ಬಲೆಯ ಆಚೆಗೆ ಎದುರಾಳಿಯಾಗಿ ನಿಲ್ಲುವುದು ಈ ಆಟದಲ್ಲಿ ದಿನನಿತ್ಯದ ಸಂಗತಿ.

ಅಂಕಣದ ಲೆಕ್ಕವನ್ನು ಮೊದಲು ನೋಡೋಣ. ಟೆನಿಸ್ ಅಂಕಣದ ಉದ್ದ 78 ಅಡಿ. ಒಬ್ಬರಿಗೊಬ್ಬರು ಎದುರಾಗಿ ಆಡುವ ಸಿಂಗಲ್ಸ್ ಸ್ಪರ್ಧೆಗೆ ಅದರ ಅಗಲ 27 ಅಡಿ. ಇಬ್ಬಿಬ್ಬರು ಆಡುವಾಗ ಎರಡು ಅಂಚುಗಳಲ್ಲಿಯೂ ನಾಲ್ಕೂವರೆ ಅಡಿಯ ಒಂದೊಂದು ಓಣಿ ಸೇರಿಕೊಂಡು ಅಗಲ 36 ಅಡಿಯಾಗುತ್ತದೆ. ನಡುವೆ ಕಟ್ಟಿದ ಬಲೆ ಕಂಬಗಳ ಬಳಿ ಮೂರೂವರೆ ಅಡಿ ಎತ್ತರವಿದ್ದು ನಟ್ಟನಡುವೆ ಮೂರಡಿಗೆ ಇಳಿಯುತ್ತದೆ. ಹೀಗೆ ಭಾಗಿಸಿದರೆ ಡಬಲ್ಸ್‌ನಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಹದಿನೆಂಟೇ ಅಡಿ. ಇಪ್ಪತ್ತೇಳು ಅಡಿಯನ್ನು ಒಬ್ಬಳೇ ಕಾಯುವುದಕ್ಕಿಂತ ಇದು ಸುಲಭವಲ್ಲವೆ ಎಂದು ಯಾರಿಗಾದರೂ ತೋರಬಹುದು. ಆದರೆ ಕಷ್ಟವಿರುವುದು ಆ ಹದಿನೆಂಟು ಅಡಿ ಮುಗಿದು ಇನ್ನೊಬ್ಬರ ಹದಿನೆಂಟು ಅಡಿ ಶುರುವಾಗುವ ಜಾಗದಲ್ಲಿ. ಇಬ್ಬರ ನಡುವೆ ನುಗ್ಗಿ ಬಂದ ಚೆಂಡು ಯಾರದು? ‘ನಿನ್ನದು’ ಎಂದು ಇಬ್ಬರೂ ಬಿಟ್ಟರೆ ಅಂಕ ಹೋಯಿತು. ‘ನನ್ನದು’ ಎಂದು ಇಬ್ಬರೂ ನುಗ್ಗಿದರೆ ರ್‍ಯಾಕೆಟ್ಟಿಗೆ ರ್‍ಯಾಕೆಟ್ಟು ತಾಗುತ್ತದೆ. ಕೂಡುಕುಟುಂಬಗಳಲ್ಲಿ ನಡೆಯುವ ಅರ್ಧ ಜಗಳಗಳ ಮೂಲವೂ ಇದೇ ಅಲ್ಲವೆ! ಜಾಣ ಎದುರಾಳಿ ಆದುದರಿಂದಲೇ ಚೆಂಡನ್ನು ಮೂಲೆಗೆ ಹೊಡೆಯುವುದಕ್ಕಿಂತ ಹೆಚ್ಚಾಗಿ ನಡುವಿಗೆ ಹೊಡೆಯುತ್ತಾಳೆ.

ಸರ್ವ್ ಮಾಡುವ ಸರದಿ ಜೋಡಿಯ ಇಬ್ಬರಿಗೂ ಒಂದೊಂದು ಗೇಮ್ ಬಿಟ್ಟು ಬರುತ್ತದೆ. ಒಬ್ಬಾಕೆ ಹಿಂದಿನ ಗೆರೆಯಿಂದ ಸರ್ವ್ ಮಾಡುವಾಗ ಇನ್ನೊಬ್ಬಾಕೆ ಬಲೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿರುತ್ತಾಳೆ. ಬೆನ್ನ ಹಿಂದೆ ಕೈಯಿಟ್ಟು ಬೆರಳುಗಳಿಂದ ಸನ್ನೆ ಮಾಡುತ್ತಾಳೆ: ಈ ಸಲ ಚೆಂಡು ಎತ್ತ ಹೋಗಬೇಕು, ತಾನು ನಿಂತಲ್ಲೇ ನಿಲ್ಲುವೆನೋ, ಪಕ್ಕಕ್ಕೆ ಹಾಯುವೆನೋ. ಎದುರಾಳಿ ಮರಳಿಸಿದ ಚೆಂಡನ್ನು ಆಕೆ ಅಡ್ಡಹಾಯ್ದು ನೆಲ ಮುಟ್ಟುವ ಮೊದಲೇ ಹೊಡೆದರೆ ಅಂಕ ದೊರೆಯಿತು. ಊಹೆ ತಪ್ಪಿದರೆ ಆಕೆ ಬಿಟ್ಟುಹೋದ ಜಾಗ ಬಯಲಾಯಿತು. ಆಗ ಹಿಂದಿದ್ದವಳು ಕೇಳದೆ ಹೇಳದೆ ಆ ಬಯಲಿಗೆ ಓಡಿ ನಿಲ್ಲಬೇಕು. ಇದೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಮಾತಾಡಿಕೊಳ್ಳಲು ಸಮಯವಿರುವುದು ಎರಡು ಅಂಕಗಳ ನಡುವೆ ಮಾತ್ರ. ಡಬಲ್ಸ್ ಆಟವನ್ನು ನೋಡುವವರು ಚೆಂಡನ್ನು ಬಿಟ್ಟು, ಚೆಂಡು ಇಲ್ಲದ ಕಡೆ ಇರುವವಳ ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿದರೆ ಆಟದ ಸ್ವಾರಸ್ಯ ತಾನಾಗಿ ತಿಳಿಯುತ್ತದೆ.

ಇಷ್ಟು ಸೊಗಸಾದ ಈ ಸ್ಪರ್ಧೆಗೆ, ಅದರಲ್ಲಿಯೂ ಮಹಿಳೆಯರ ಡಬಲ್ಸ್‌ಗೆ, ಮನ್ನಣೆ ದೊರೆತದ್ದು ನಿಧಾನವಾಗಿ. ಇಂಗ್ಲೆಂಡಿನ ವಿಂಬಲ್ಡನ್ ಪಂದ್ಯಾವಳಿಯಲ್ಲಿ ಪುರುಷರ ಡಬಲ್ಸ್ 1884ರಲ್ಲಿಯೇ ಆರಂಭವಾಯಿತು. ಮಹಿಳೆಯರ ಡಬಲ್ಸ್ ಚಾಂಪಿಯನ್‌ಶಿಪ್ ಸೇರಿದ್ದು 1913ರಲ್ಲಿ. ಅಮೆರಿಕದ ಎಲಿಜಬೆತ್ ರ‍್ಯಾನ್ ಎಂಬಾಕೆ ವಿಂಬಲ್ಡನ್ನಿನಲ್ಲಿ 19 ಪ್ರಶಸ್ತಿಗಳನ್ನು ಗಳಿಸಿದ್ದರು. ಹನ್ನೆರಡು ಮಹಿಳೆಯರ ಡಬಲ್ಸ್, ಏಳು ಮಿಶ್ರ ಡಬಲ್ಸ್; ಸಿಂಗಲ್ಸ್ ಒಂದೂ ಇಲ್ಲ. ಹತ್ತೊಂಬತ್ತು ಸಲವೂ ಗೆಲುವನ್ನು ಇನ್ನೊಬ್ಬರೊಡನೆ ಹಂಚಿಕೊಂಡೇ ಪಡೆದ ಈ ಮಹಿಳೆಯ ದಾಖಲೆ ಹಲವು ದಶಕಗಳ ಕಾಲ ಮುರಿಯದೆ ಉಳಿಯಿತು. ಬಿಲ್ಲಿ ಜೀನ್ ಕಿಂಗ್ ಅದನ್ನು ಸರಿಗಟ್ಟಿ, 1979ರ ಜುಲೈಯಲ್ಲಿ ಮುರಿಯುವ ಅಂಚಿಗೆ ಬಂದರು. ಅಂತಿಮ ಪಂದ್ಯದ ಹಿಂದಿನ ದಿನ, ಎಂಬತ್ತೇಳು ವರ್ಷದ ರ‍್ಯಾನ್ ವಿಂಬಲ್ಡನ್ನಿನ ಆವರಣದಲ್ಲಿಯೇ ಕುಸಿದುಬಿದ್ದು ತೀರಿಕೊಂಡರು. ಮರುದಿನ ಕಿಂಗ್ ಇಪ್ಪತ್ತನೆಯ ಪ್ರಶಸ್ತಿಯನ್ನು ಪಡೆದರು. ಅದೂ ಮಹಿಳೆಯರ ಡಬಲ್ಸ್ ಪ್ರಶಸ್ತಿಯೇ. ಜೊತೆಯಲ್ಲಿ ಆಡಿದವರು ಮಾರ್ಟಿನಾ ನವ್ರಾಟಿಲೋವಾ.

ಇವೆಲ್ಲ ಕಡಲಾಚೆಯ ಮಾತಾಯಿತು. ಜಗತ್ತಿನ ವೃತ್ತಿಪರ ಆಟಗಾರ್ತಿಯರ ಜೋಡಿ ಆಟವನ್ನು ಕರ್ನಾಟಕದ ಜನ ತಮ್ಮ ನೆಲದಲ್ಲಿಯೇ ನೋಡುವ ಅವಕಾಶವೂ ಒಮ್ಮೆ ಬಂದಿತು. ಮಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ ಘಟ್ಟ ಏರಿದರೆ ಬೆಳಗಾಗುವ ಹೊತ್ತಿಗೆ ಬೆಂಗಳೂರು. ಅಲ್ಲಿನ ಕಬ್ಬನ್ ಪಾರ್ಕಿನ ಹಸುರಿನ ನಡುವೆ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಿವೆ. 2006ರಿಂದ 2008ರವರೆಗೆ ಮೂರು ವರ್ಷ ಅಲ್ಲಿ ಬೆಂಗಳೂರು ಓಪನ್ ಎಂಬ ಹೆಸರಿನ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು.

ಮೊದಲ ವರ್ಷ, ಅಂದರೆ 2006ರ ಫೆಬ್ರವರಿಯಲ್ಲಿ, ಜನರ ಕಣ್ಣೆಲ್ಲ ಹೈದರಾಬಾದಿನ ಹತ್ತೊಂಬತ್ತು ವರ್ಷದ ಸಾನಿಯಾ ಮಿರ್ಜಾ ಅವರ ಮೇಲಿತ್ತು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ತಮ್ಮ ಊರಾದ ಹೈದರಾಬಾದಿನಲ್ಲಿ ಆಕೆ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದು, ಮಹಿಳಾ ಟೆನಿಸ್ ಸಂಘದ ಪಂದ್ಯಾವಳಿಯೊಂದರಲ್ಲಿ ಆ ಗೌರವ ಪಡೆದ ಮೊದಲ ಭಾರತೀಯ ಮಹಿಳೆಯಾಗಿದ್ದರು. ಬೆಂಗಳೂರಿನಲ್ಲಿಯೂ ಜನ ಬಯಸಿದ್ದು ಸಿಂಗಲ್ಸ್ ಗೆಲುವನ್ನೇ. ಅದು ಕೈಗೂಡಲಿಲ್ಲ, ಆ ಪ್ರಶಸ್ತಿ ಇಟಲಿಯ ಮಾರಾ ಸಾಂಟಾಂಜೆಲೊ ಅವರ ಪಾಲಾಯಿತು. ಸಾನಿಯಾ ಅವರಿಗೆ ದೊರೆತದ್ದು ಡಬಲ್ಸ್ ಪ್ರಶಸ್ತಿ.

ಆ ಅಂತಿಮ ಪಂದ್ಯದಲ್ಲಿ ಆಡಿದ ನಾಲ್ವರ ಹೆಸರನ್ನೂ ನೆನಪಿಟ್ಟುಕೊಳ್ಳಬೇಕು. ಬಲೆಯ ಈಚೆಗೆ ಸಾನಿಯಾ ಮತ್ತು ದಕ್ಷಿಣ ಆಫ್ರಿಕದ ಲೀಜಲ್ ಹ್ಯೂಬರ್. ಬಲೆಯ ಆಚೆಗೆ ರಷ್ಯದ ಅನಸ್ತಾಸಿಯಾ ರೋಡಿಯೊನೋವಾ ಮತ್ತು ಎಲೆನಾ ವೆಸ್ನಿನಾ. ಹ್ಯೂಬರ್ ಅವರಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಹಿಂದಿನ ವರ್ಷವಷ್ಟೇ ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಅವರೊಡನೆ ವಿಂಬಲ್ಡನ್ ಡಬಲ್ಸ್ ಗೆದ್ದು ಬಂದಿದ್ದವರು. ಎರಡು ವರ್ಷಗಳ ಹಿಂದೆ, 2004ರಲ್ಲಿ, ಹೈದರಾಬಾದಿನಲ್ಲಿ ಸಾನಿಯಾ ಅವರ ಮೊತ್ತಮೊದಲ ಡಬಲ್ಸ್ ಪ್ರಶಸ್ತಿಗೆ ಜೊತೆಯಾಗಿದ್ದವರೂ ಇವರೇ. ತನಗಿಂತ ಹತ್ತು ವರ್ಷ ಕಿರಿಯಳಾದ ಹುಡುಗಿಯ ಪಕ್ಕದಲ್ಲಿ ನಿಂತು ಆಡುವ ಹಿರಿಯಳು ಆಟವನ್ನಷ್ಟೇ ಆಡುವುದಿಲ್ಲ, ಆಟವನ್ನು ಕಲಿಸುತ್ತಲೂ ಇರುತ್ತಾಳೆ. ಸಾನಿಯಾ ಮತ್ತು ಹ್ಯೂಬರ್ 6-3, 6-3ರಿಂದ ಗೆದ್ದರು. ಮರುದಿನದ ಪತ್ರಿಕೆಗಳ ಪಾಲಿಗೆ ಅದು ಒಂದು ಸುದ್ದಿ. ಮುಂದಿನ ಹದಿನೈದು ವರ್ಷಗಳ ಕಥೆಯನ್ನು ತಿಳಿದು ಹಿಂತಿರುಗಿ ನೋಡುವವರಿಗೆ ಆ ನಾಲ್ವರು ನಿಂತ ಅಂಕಣ ಬೇರೆಯೇ ಆಗಿ ಕಾಣುತ್ತದೆ.

ಮುಂದೇನಾಯಿತೆಂದು ನೋಡೋಣ. ಮರುವರ್ಷ, 2007ರಲ್ಲಿ, ಅಮೆರಿಕದ ನ್ಯೂ ಹೇವನ್ ಎಂಬಲ್ಲಿ ಸಾನಿಯಾ ಮತ್ತೊಂದು ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಈ ಸಲ ಅವರ ಜೊತೆಗಾರ್ತಿ ಬೆಂಗಳೂರಿನಲ್ಲಿ ಸಿಂಗಲ್ಸ್ ಗೆದ್ದಿದ್ದ ಸಾಂಟಾಂಜೆಲೊ. ಬಲೆಯ ಆಚೆಗೆ ನಿಂತು ಸೋತವರು ಕಾರಾ ಬ್ಲ್ಯಾಕ್ ಮತ್ತು ಲೀಜಲ್ ಹ್ಯೂಬರ್! ಇನ್ನು ರೋಡಿಯೊನೋವಾ ಮುಂದೆ ಆಸ್ಟ್ರೇಲಿಯದ ಪರವಾಗಿ ಆಡತೊಡಗಿದರು. 2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಸಿಂಗಲ್ಸ್‌ನ ಅಂತಿಮ ಪಂದ್ಯದಲ್ಲಿ ಆಕೆಗೆ ಎದುರಾದವರು ಸಾನಿಯಾ. ಮೂರನೆಯ ಸೆಟ್ಟಿನ ಟೈಬ್ರೇಕ್‌ವರೆಗೂ ಎಳೆದ ಆ ಪಂದ್ಯವನ್ನು ಗೆದ್ದು, ಭಾರತದ ನೆಲದಲ್ಲಿ, ಭಾರತೀಯರೇ ತುಂಬಿದ್ದ ಕ್ರೀಡಾಂಗಣದಲ್ಲಿ ರೋಡಿಯೊನೋವಾ ಚಿನ್ನದ ಪದಕವನ್ನು ಪಡೆದರು.

ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತಿನಲ್ಲಿಯೇ ಪ್ರಸಂಗವನ್ನು ಕಟ್ಟುತ್ತಾರೆ. ಇಂದು ಒಬ್ಬರು ಕೃಷ್ಣನಾದರೆ ಇನ್ನೊಬ್ಬರು ಅರ್ಜುನ. ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಹಿಡಿಯುತ್ತಾರೆ. ನಾಳೆ ಇನ್ನೊಂದು ಊರಿನಲ್ಲಿ ಅದೇ ಇಬ್ಬರಲ್ಲಿ ಒಬ್ಬರು ಕೃಷ್ಣ, ಮತ್ತೊಬ್ಬರು ಕೌರವ. ನಿನ್ನೆ ಎತ್ತಿಹಿಡಿದ ಮಾತನ್ನೇ ಇಂದು ಕತ್ತರಿಸಬೇಕು. ಯಾರ ವಾದದ ಪಟ್ಟು ಎಲ್ಲಿದೆ, ಯಾವ ಪ್ರಶ್ನೆಗೆ ಯಾರು ತಡವರಿಸುತ್ತಾರೆ ಎಂಬುದು ಜೊತೆಯಲ್ಲಿ ಕುಳಿತವರಿಗೆ ಚೆನ್ನಾಗಿ ಗೊತ್ತು. ಡಬಲ್ಸ್ ಆಟಗಾರ್ತಿಯರ ಸ್ಥಿತಿಯೂ ಹೀಗೆಯೇ. ಒಂದು ಋತುವಿನಲ್ಲಿ ಜೊತೆಯಾಗಿ ಆಡಿ ಒಬ್ಬರ ದೌರ್ಬಲ್ಯವನ್ನು ಇನ್ನೊಬ್ಬರು ಮುಚ್ಚಿಟ್ಟವರು, ಮುಂದಿನ ಋತುವಿನಲ್ಲಿ ಅದೇ ದೌರ್ಬಲ್ಯದ ಮೇಲೆ ಚೆಂಡನ್ನು ಹೊಡೆಯಬೇಕಾಗುತ್ತದೆ. ಇದನ್ನು ದ್ರೋಹವೆಂದು ಯಾರೂ ಎಣಿಸುವುದಿಲ್ಲ.

ಸಾನಿಯಾ ಅವರ ಬಾಳಿನಲ್ಲಿ ಈ ಮಾತಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಎಂದರೆ, ಬೆಂಗಳೂರಿನಲ್ಲಿ ಸೋತ ನಾಲ್ಕನೆಯ ಆಟಗಾರ್ತಿ ಎಲೆನಾ ವೆಸ್ನಿನಾ. ಇಬ್ಬರೂ ಹುಟ್ಟಿದ್ದು 1986ರಲ್ಲಿ. ವೆಸ್ನಿನಾ ಮೂರು ತಿಂಗಳಷ್ಟು ದೊಡ್ಡವರು. ಆ ಕಥೆಗೆ ಹೋಗುವ ಮೊದಲು ನಡುವೆ ನಡೆದ ಒಂದು ಸಂಗತಿಯನ್ನು ಹೇಳದೆ ಬಿಡಲಾಗದು.

2008ರ ವೇಳೆಗೆ ಬೆಂಗಳೂರು ಓಪನ್ ಹಿರಿದಾಗಿ ಬೆಳೆದಿತ್ತು. ಬಹುಮಾನದ ಮೊತ್ತ ಆರು ಲಕ್ಷ ಡಾಲರಿಗೆ ಏರಿತ್ತು. ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ಸೋದರಿಯರು ಬಂದರು. ಉಪಾಂತ್ಯದಲ್ಲಿ ಅಕ್ಕನನ್ನು ಸೋಲಿಸಿ ಸೆರೆನಾ ಪ್ರಶಸ್ತಿಯನ್ನೂ ಗೆದ್ದರು. ಡಬಲ್ಸ್ ಪ್ರಶಸ್ತಿ ಚೀನದ ಪೆಂಗ್ ಶುವಾಯಿ ಮತ್ತು ಸುನ್ ಟಿಯಾನ್‌ಟಿಯಾನ್ ಅವರಿಗೆ ಸಂದಿತು. ಆದರೆ ಆ ಪಂದ್ಯಾವಳಿಯಲ್ಲಿ ಸಾನಿಯಾ ಇರಲಿಲ್ಲ. ಆಕೆ ತೊಡುವ ಉಡುಪಿನ ಕುರಿತು, ಛಾಯಾಚಿತ್ರವೊಂದರಲ್ಲಿ ರಾಷ್ಟ್ರಧ್ವಜದ ಬಳಿ ಆಕೆಯ ಪಾದವಿತ್ತೆಂಬುದರ ಕುರಿತು, ಹೀಗೆ ಒಂದಲ್ಲ ಒಂದು ವಿವಾದ ಆಕೆಯ ಬೆನ್ನು ಹತ್ತಿತ್ತು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತೊಡಕು ಎದುರಾಗುತ್ತಿರುವುದರಿಂದ ಬೆಂಗಳೂರಿನಲ್ಲಿ ಆಡುವುದಿಲ್ಲವೆಂದು ಆಕೆ ಪ್ರಕಟಿಸಿದರು. ಎರಡು ವರ್ಷಗಳ ಹಿಂದೆ ತಾನು ಗೆದ್ದ ಅಂಕಣಕ್ಕೆ, ಜಗತ್ತಿನ ಶ್ರೇಷ್ಠರೆಲ್ಲ ಬಂದಿಳಿದ ಹೊತ್ತಿನಲ್ಲಿ, ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಬಾರದೆ ಉಳಿದಳು. ಆಟಗಾರ್ತಿ ರ್‍ಯಾಕೆಟ್ಟಿನಿಂದ ಉತ್ತರಿಸಬಲ್ಲ ಪ್ರಶ್ನೆಗಳು ಕೆಲವೇ. ಉಳಿದ ಪ್ರಶ್ನೆಗಳನ್ನು ಕೇಳಿದವರು ಆಟವನ್ನು ನೋಡಲು ಬಂದವರಲ್ಲ.

ಅದೇ ವರ್ಷ ಏಪ್ರಿಲಿನಲ್ಲಿ ಆಕೆಯ ಬಲಗೈಯ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆಯಾಯಿತು. ಸಿಂಗಲ್ಸ್‌ನಲ್ಲಿ ಜಗತ್ತಿನ 27ನೆಯ ಸ್ಥಾನದವರೆಗೆ ಏರಿದ್ದ ಆಕೆಯ ಮುಖ್ಯ ಅಸ್ತ್ರವೆಂದರೆ ಬಿರುಸಾದ ಫೋರ್‌ಹ್ಯಾಂಡ್ ಹೊಡೆತ. ಆ ಹೊಡೆತದ ಭಾರವನ್ನೆಲ್ಲ ಹೊರುವುದು ಮಣಿಕಟ್ಟು. ಗಾಯಗಳು ಮರುಕಳಿಸಿದುವು. ಕೊನೆಗೆ 2013ರಲ್ಲಿ ಆಕೆ ಸಿಂಗಲ್ಸ್ ಆಟವನ್ನು ಬಿಟ್ಟು ಡಬಲ್ಸ್ ಒಂದನ್ನೇ ಆಡುವುದೆಂದು ನಿರ್ಧರಿಸಿದರು.

ಈ ನಿರ್ಧಾರದ ಬೆಲೆ ಎಷ್ಟೆಂಬುದನ್ನು ಒಂದು ಅಂಕಿಯಿಂದ ತಿಳಿಯಬಹುದು. 2015ರ ವಿಂಬಲ್ಡನ್ನಿನಲ್ಲಿ ಸಿಂಗಲ್ಸ್ ಗೆದ್ದ ಒಬ್ಬರಿಗೆ ದೊರೆತ ಬಹುಮಾನ 18 ಲಕ್ಷ 80 ಸಾವಿರ ಪೌಂಡು. ಡಬಲ್ಸ್ ಗೆದ್ದ ಇಬ್ಬರಿಗೂ ಸೇರಿ ದೊರೆತದ್ದು 3 ಲಕ್ಷ 40 ಸಾವಿರ ಪೌಂಡು. 2007ರಿಂದ ಅಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ದೊರೆಯುತ್ತಿದೆ; ಒಬ್ಬರಿಗೂ ಜೋಡಿಗೂ ನಡುವಿನ ಅಂತರ ಮಾತ್ರ ಹಾಗೆಯೇ ಇದೆ. ದೊಡ್ಡ ಪಂದ್ಯಾವಳಿಗಳಲ್ಲಿ ಡಬಲ್ಸ್ ಪಂದ್ಯಗಳು ಬಹಳ ಸಲ ಹೊರಗಿನ ಚಿಕ್ಕ ಅಂಕಣಗಳಲ್ಲಿ, ಅರೆ ಖಾಲಿ ಆಸನಗಳ ಮುಂದೆ ನಡೆಯುತ್ತವೆ. ಸಿಂಗಲ್ಸ್ ಆಡಲಾರದವರು ಡಬಲ್ಸ್ ಆಡುತ್ತಾರೆಂದು ಹಗುರವಾಗಿ ಆಡುವವರೂ ಇದ್ದಾರೆ. ವಿಲಿಯಮ್ಸ್ ಸೋದರಿಯರು ಜೊತೆಯಾಗಿ ಹದಿನಾಲ್ಕು ಗ್ರ್ಯಾಂಡ್ ಸ್ಲಾಮ್ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದರೆಂಬುದನ್ನೂ, ನವ್ರಾಟಿಲೋವಾ ಮತ್ತು ಪಾಮ್ ಶ್ರೈವರ್ ಜೋಡಿ 1983ರಿಂದ 1985ರವರೆಗೆ ಒಂದೇ ಸಮನೆ 109 ಪಂದ್ಯಗಳಲ್ಲಿ ಸೋಲರಿಯದೆ ಉಳಿಯಿತೆಂಬುದನ್ನೂ ಇಂಥವರು ಮರೆತಿರಬೇಕು.

ಮತ್ತೆ ವೆಸ್ನಿನಾ ಅವರ ಕಥೆಗೆ ಬರೋಣ. 2011ರಲ್ಲಿ ಸಾನಿಯಾ ಮತ್ತು ವೆಸ್ನಿನಾ ಬಲೆಯ ಒಂದೇ ಬದಿಗೆ ಬಂದರು. ಅಮೆರಿಕದ ಇಂಡಿಯನ್ ವೆಲ್ಸ್‌ನಲ್ಲಿ ಗೆದ್ದರು, ಚಾರ್ಲ್‌ಸ್ಟನ್‌ನಲ್ಲಿ ಗೆದ್ದರು, ಪ್ಯಾರಿಸ್ಸಿನ ಫ್ರೆಂಚ್ ಓಪನ್‌ನಲ್ಲಿ ಅಂತಿಮ ಪಂದ್ಯದವರೆಗೆ ಹೋದರು. ಅಲ್ಲಿ ಜೆಕ್ ದೇಶದ ಆಂದ್ರೆಯಾ ಹ್ಲವಾಚ್ಕೋವಾ ಮತ್ತು ಲೂಸಿ ಹ್ರಾಡೆಕ್ಕಾ ಅವರಿಗೆ ಸೋತರು. ಮಹಿಳೆಯರ ಡಬಲ್ಸ್‌ನಲ್ಲಿ ಸಾನಿಯಾ ಅವರಿಗೆ ಅದು ಮೊದಲ ಗ್ರ್ಯಾಂಡ್ ಸ್ಲಾಮ್ ಅಂತಿಮ ಪಂದ್ಯ. ಆಮೇಲೆ ಜೋಡಿ ಬಿಡಿಸಿಕೊಂಡಿತು. ವೆಸ್ನಿನಾ ತಮ್ಮ ದೇಶದವರೇ ಆದ ಎಕಟೆರಿನಾ ಮಕರೋವಾ ಅವರೊಡನೆ ಸೇರಿ 2013ರಲ್ಲಿ ಫ್ರೆಂಚ್ ಓಪನ್, 2014ರಲ್ಲಿ ಅಮೆರಿಕ ಓಪನ್ ಗೆದ್ದರು. ಬೆಂಗಳೂರಿನಲ್ಲಿ ಸೋತಿದ್ದವರು ಮುಂದೆ ಸಾಗಿದ್ದರು. ಗೆದ್ದಿದ್ದವರು ಇನ್ನೂ ಕಾಯುತ್ತಿದ್ದರು.

ಸಾನಿಯಾ ಅವರಿಗೆ ಒಪ್ಪುವ ಜೊತೆ ದೊರೆತದ್ದು 2015ರಲ್ಲಿ. ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ 1997ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿಯೇ, ಸಿಂಗಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದ್ದವರು. ಆಟದಿಂದ ನಿವೃತ್ತರಾಗಿ ಮರಳಿ ಬಂದವರು. ಇಬ್ಬರ ಗುಣಗಳೂ ಒಂದಕ್ಕೊಂದು ಪೂರಕ. ಹಿಂದಿನ ಗೆರೆಯಿಂದ ಸಾನಿಯಾ ಅವರ ಫೋರ್‌ಹ್ಯಾಂಡ್ ಹೊಡೆತ ಎದುರಾಳಿಗಳನ್ನು ಹಿಂದಕ್ಕೆ ತಳ್ಳಿದರೆ, ಬಲೆಯ ಬಳಿ ಹಿಂಗಿಸ್ ಅವರ ಚುರುಕಾದ ಕೈ ಮಿಕ್ಕ ಕೆಲಸವನ್ನು ಮುಗಿಸುತ್ತಿತ್ತು. ಜೊತೆಗೂಡಿ ಆಡಿದ ಮೊದಲ ಮೂರು ಪಂದ್ಯಾವಳಿಗಳನ್ನೂ ಈ ಜೋಡಿ ಗೆದ್ದಿತು. ಅವುಗಳಲ್ಲಿ ಮೊದಲ ಎರಡರ ಅಂತಿಮ ಪಂದ್ಯದಲ್ಲಿ ಎದುರಾದವರು ಮಕರೋವಾ ಮತ್ತು ವೆಸ್ನಿನಾ. ಮೂರನೆಯದನ್ನು ಗೆದ್ದಾಗ, 2015ರ ಏಪ್ರಿಲ್ 13ರಂದು, ಸಾನಿಯಾ ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನವನ್ನು ಪಡೆದರು. ಭಾರತದ ಮಹಿಳೆಯೊಬ್ಬರು ಟೆನಿಸ್‌ನಲ್ಲಿ ಆ ಸ್ಥಾನಕ್ಕೆ ಏರಿದ್ದು ಅದೇ ಮೊದಲು. ಒಟ್ಟು 91 ವಾರಗಳ ಕಾಲ ಅದು ಆಕೆಯದಾಗಿತ್ತು.

ಆ ವರ್ಷದ ಜುಲೈ 11, ಶನಿವಾರ. ವಿಂಬಲ್ಡನ್ನಿನ ಮುಖ್ಯ ಅಂಕಣದಲ್ಲಿ ಸೆರೆನಾ ವಿಲಿಯಮ್ಸ್ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದು ಹೋದ ಬಳಿಕ, ಸಂಜೆ ಕವಿಯುವ ಹೊತ್ತಿಗೆ ಮಹಿಳೆಯರ ಡಬಲ್ಸ್ ಅಂತಿಮ ಪಂದ್ಯ ನಡೆಯುತ್ತಿತ್ತು. ಬಲೆಯ ಆಚೆಗೆ ಮತ್ತೆ ಮಕರೋವಾ ಮತ್ತು ವೆಸ್ನಿನಾ. ಮೊದಲ ಸೆಟ್ಟನ್ನು ರಷ್ಯದ ಜೋಡಿ 7-5ರಿಂದ ಗೆದ್ದಿತು. ಎರಡನೆಯದನ್ನು ಸಾನಿಯಾ ಮತ್ತು ಹಿಂಗಿಸ್ ಟೈಬ್ರೇಕ್‌ನಲ್ಲಿ ಉಳಿಸಿಕೊಂಡರು. ಮೂರನೆಯ ಸೆಟ್ಟಿನಲ್ಲಿ ರಷ್ಯದವರು 5-2ರಿಂದ ಮುಂದಿದ್ದರು. ಇನ್ನೊಂದೇ ಗೇಮ್ ದೊರೆತರೆ ಪ್ರಶಸ್ತಿ ಅವರದು.

ಇಂಥ ಹೊತ್ತಿನಲ್ಲಿ ಸಿಂಗಲ್ಸ್ ಆಡುವವಳಿಗೆ ಮಾತಾಡಲು ಯಾರೂ ಇರುವುದಿಲ್ಲ. ಡಬಲ್ಸ್ ಆಡುವವಳಿಗೆ ಒಬ್ಬಾಕೆ ಇರುತ್ತಾಳೆ. ಆ ಇನ್ನೊಬ್ಬಾಕೆಯ ಮುಖ ಬಾಡಿದರೆ ತನ್ನ ಕೈಯೂ ಸೋಲುತ್ತದೆ. ಆಕೆ ನಕ್ಕರೆ ಇನ್ನೊಂದು ಅಂಕ ಆಡಬಹುದೆಂದು ತೋರುತ್ತದೆ. ಸಾನಿಯಾ ಮತ್ತು ಹಿಂಗಿಸ್ ಒಂದು ಗೇಮ್ ಗೆದ್ದರು, ಮತ್ತೊಂದು ಗೆದ್ದರು, ಇನ್ನೂ ಒಂದು ಗೆದ್ದು 5-5ಕ್ಕೆ ಸರಿಗಟ್ಟಿದರು. ಅಷ್ಟರಲ್ಲಿ ಬೆಳಕು ಮಂದವಾಯಿತು. ಆಟವನ್ನು ನಿಲ್ಲಿಸಿ ಅಂಕಣದ ಮೇಲಿನ ಚಾವಣಿಯನ್ನು ಮುಚ್ಚಿ ದೀಪಗಳನ್ನು ಹಚ್ಚಿದರು. ನಾಲ್ವರೂ ಕಾದರು. ಓಡುತ್ತಿದ್ದ ಬಂಡಿಯನ್ನು ಏರಿನ ನಡುವೆ ನಿಲ್ಲಿಸಿದರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂಬುದು ಬಂಡಿ ಹೊಡೆದವರಿಗೆ ಗೊತ್ತು. ದೀಪಗಳ ಬೆಳಕಿನಲ್ಲಿ ಆಟ ಮುಂದುವರಿದಾಗ ಇವರು ಉಳಿದ ಎರಡು ಗೇಮ್‌ಗಳನ್ನೂ ಗೆದ್ದರು. 5-7, 7-6, 7-5. ಹಿಂಗಿಸ್ ಅವರಿಗೆ ಅದು 1998ರ ಬಳಿಕ ದೊರೆತ ಮೊದಲ ವಿಂಬಲ್ಡನ್ ಪ್ರಶಸ್ತಿ; ಮರುದಿನವೇ ಲಿಯಾಂಡರ್ ಪೇಸ್ ಅವರೊಡನೆ ಮಿಶ್ರ ಡಬಲ್ಸ್ ಪ್ರಶಸ್ತಿಯನ್ನೂ ಆಕೆ ಗೆದ್ದರು. ಸಾನಿಯಾ ಅವರಿಗೆ ಮಹಿಳೆಯರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ. ಭಾರತದ ಮಹಿಳೆಯೊಬ್ಬರಿಗೆ ಅದು ಹಿಂದೆಂದೂ ದೊರೆತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅಮೆರಿಕ ಓಪನ್ ಕೂಡ ಇವರದಾಯಿತು. ಅಲ್ಲಿ ಸೋತವರಲ್ಲಿ ಒಬ್ಬರಾದ ಯಾರೊಸ್ಲಾವಾ ಶ್ವೆಡೊವಾ 2007ರಲ್ಲಿ ಬೆಂಗಳೂರಿನ ಸಿಂಗಲ್ಸ್ ಪ್ರಶಸ್ತಿ ಗೆದ್ದವರು. 2016ರ ಜನವರಿಯಲ್ಲಿ ಆಸ್ಟ್ರೇಲಿಯ ಓಪನ್‌ನಲ್ಲಿ ಇವರಿಗೆ ಸೋತವರು ಹ್ಲವಾಚ್ಕೋವಾ ಮತ್ತು ಹ್ರಾಡೆಕ್ಕಾ. ಐದು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ಗೆದ್ದಿದ್ದ ಅದೇ ಜೋಡಿ. ಕಬ್ಬನ್ ಪಾರ್ಕಿನ ಅಂಕಣದಿಂದ ಹೊರಟ ದಾರಿಗಳು ಜಗತ್ತನ್ನೆಲ್ಲ ಸುತ್ತಿ ಹೀಗೆ ಮತ್ತೆ ಮತ್ತೆ ಒಂದನ್ನೊಂದು ಹಾದವು. 2015ರ ಆಗಸ್ಟಿನಿಂದ ಆರಂಭಿಸಿ ಸಾನಿಯಾ ಮತ್ತು ಹಿಂಗಿಸ್ ಒಂದೂ ಸೋಲಿಲ್ಲದೆ 41 ಪಂದ್ಯಗಳನ್ನು ಗೆದ್ದರು.

ಆ ಓಟ ನಿಂತದ್ದು 2016ರ ಫೆಬ್ರವರಿಯಲ್ಲಿ, ದೋಹಾ ನಗರದಲ್ಲಿ. ಬೆಂಗಳೂರಿನ ಪಂದ್ಯಕ್ಕೆ ಆಗ ಸರಿಯಾಗಿ ಹತ್ತು ವರ್ಷ. ಸಾನಿಯಾ ಮತ್ತು ಹಿಂಗಿಸ್ ಮೊದಲ ಸೆಟ್ಟನ್ನು 6-2ರಿಂದ ಗೆದ್ದರು. ಎರಡನೆಯದನ್ನು 4-6ರಿಂದ ಸೋತರು. ಇಂಥ ಪಂದ್ಯಾವಳಿಗಳ ಡಬಲ್ಸ್‌ನಲ್ಲಿ ಮೂರನೆಯ ಸೆಟ್ಟಿಗೆ ಬದಲಾಗಿ ಹತ್ತು ಅಂಕಗಳ ಒಂದು ಟೈಬ್ರೇಕ್ ಆಡಿಸುತ್ತಾರೆ. ಅದನ್ನು 10-5ರಿಂದ ಕಳೆದುಕೊಂಡರು. ಗೆದ್ದ ಜೋಡಿಯಲ್ಲಿ ಒಬ್ಬರು ಹದಿನೆಂಟರ ಹರೆಯದ ಡರಿಯಾ ಕಸಾಟ್ಕಿನಾ. ಇನ್ನೊಬ್ಬರು ಎಲೆನಾ ವೆಸ್ನಿನಾ. ಎಳೆಯಳೊಬ್ಬಳ ಪಕ್ಕದಲ್ಲಿ ನಿಂತು ಆಡುವ ಹಿರಿಯಳ ಪಾತ್ರ ಈಗ ಅವರದಾಗಿತ್ತು.

2018ರ ಅಕ್ಟೋಬರಿನಲ್ಲಿ ಸಾನಿಯಾ ಅವರಿಗೆ ಮಗ ಹುಟ್ಟಿದ. ಮರುತಿಂಗಳು ವೆಸ್ನಿನಾ ಅವರಿಗೆ ಮಗಳು. ಇಬ್ಬರೂ ಮತ್ತೆ ಅಂಕಣಕ್ಕೆ ಮರಳಿದರು. 2021ರ ವಿಂಬಲ್ಡನ್ನಿನ ಎರಡನೆಯ ಸುತ್ತಿನಲ್ಲಿ, ಬೇರೆ ಬೇರೆ ಜೊತೆಗಾರ್ತಿಯರೊಡನೆ, ಮೂವತ್ತನಾಲ್ಕು ವರ್ಷದ ಇಬ್ಬರು ತಾಯಂದಿರು ಬಲೆಯ ಎರಡು ಬದಿಗಳಲ್ಲಿ ನಿಂತರು. ಗೆದ್ದವರು ವೆಸ್ನಿನಾ.

ಸಾನಿಯಾ ತಮ್ಮ ಕೊನೆಯ ಪಂದ್ಯಾವಳಿಯನ್ನು 2023ರ ಫೆಬ್ರವರಿಯಲ್ಲಿ ದುಬೈಯಲ್ಲಿ ಆಡಿದರು. ಅಷ್ಟು ಹೊತ್ತಿಗೆ ಆಕೆಯ ಡಬಲ್ಸ್ ಪ್ರಶಸ್ತಿಗಳ ಸಂಖ್ಯೆ 43 ಆಗಿತ್ತು. ಅದಕ್ಕೆ ಒಂದು ತಿಂಗಳ ಮೊದಲು ಮೆಲ್ಬರ್ನಿನ ಆಸ್ಟ್ರೇಲಿಯ ಓಪನ್‌ನಲ್ಲಿ ಮಿಶ್ರ ಡಬಲ್ಸ್‌ನ ಅಂತಿಮ ಪಂದ್ಯವನ್ನು ತಲುಪಿ ಸೋತಿದ್ದರು; ಗ್ರ್ಯಾಂಡ್ ಸ್ಲಾಮ್ ಅಂಕಣದಲ್ಲಿ ಆಕೆ ಆಡಿದ ಕೊನೆಯ ಪಂದ್ಯವದು. ಆ ದಿನ ಬಲೆಯ ಈಚೆಗೆ ಆಕೆಯ ಪಕ್ಕದಲ್ಲಿದ್ದವರು ಕೊಡಗಿನ ರೋಹನ್ ಬೋಪಣ್ಣ, ನಲವತ್ತೆರಡು ವರ್ಷದವರು. ಸಾನಿಯಾ ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಬಾರಿ ಮಿಶ್ರ ಡಬಲ್ಸ್ ಆಡಿದಾಗ ಜೊತೆಗಾರನಾಗಿ ನಿಂತಿದ್ದವರೂ ಅವರೇ.